ಪ್ರ: ದೊಡ್ಡಗದ್ದವಳ್ಳಿಯ ಅಜ್ಜನ ಮನೆ
ಲಕ್ಷ್ಮೀದೇವಿ ದೇವಸ್ಥಾನದಿಂದ 80 ಮೀಟರ್ ದೂರದ ಅಜ್ಜನ ಮನೆ ಕೆಡವಿ ಹೋಂಸ್ಟೇ ಕಟ್ಟಬಹುದಾ ಅಂತ ಕೇಳಿದ್ದೀರಿ. ಆಗಲ್ಲ ಸರ್. ಆ ದೇವಸ್ಥಾನ ಕೇಂದ್ರ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಅಳತೆ ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ.

ಆದರೆ ದುರಸ್ತಿಗೆ ದಾರಿ ಇದೆ. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಸಕ್ಷಮ ಅಧಿಕಾರಿ ಕೊಡುವ ಅನುಮತಿ ಪಡೆದು ಇರುವ ಮನೆಯನ್ನೇ ಗಟ್ಟಿ ಮಾಡಿಕೊಳ್ಳಿ. ದಯವಿಟ್ಟು ಕೆಡವಬೇಡಿ. ನಮ್ಮ ಹಳೇ ಮನೆಯಲ್ಲಿ ಗೆದ್ದಲು ಹಿಡಿದ ರೀಪು ಮಾತ್ರ ಬದಲಿಸಿ, ಪಾಚಿ ಉಜ್ಜಿ ಅದೇ ಹಂಚು ಹೊದಿಸಿದೆವು. ಈಗ ಒಂದು ಹನಿಯೂ ಸೋರಲ್ಲ. 900 ವರ್ಷದ ಗುಡಿ ನೋಡಲು ಬರುವವರಿಗೆ ನಿಮ್ಮ ಜಗಲಿಯೇ ಸಾಕಷ್ಟು ಚೆಂದ. ಅರ್ಜಿಗೆ ಮುಂಚೆ ಮನೆಯ ಈಗಿನ ಫೋಟೊ, ಮಾಲೀಕತ್ವದ ದಾಖಲೆ ಸಿದ್ಧ ಮಾಡಿಟ್ಟುಕೊಳ್ಳಿ.