ಮಣ್ಣಿ ಬಟ್ಟಲಿನ ಪಕ್ಕದ ಮೊಬೈಲು

ಪತ್ರ: "ಮಗಳಿಗೆ ಎಂಟು ತಿಂಗಳು. ಅತ್ತೆಯವರದು ತುಳು, ನನ್ನದು ಕನ್ನಡ, ನೆರೆಮನೆಯವರದು ಮಲಯಾಳ. ಮಗುವಿಗೆ ಗಲಿಬಿಲಿಯಾದೀತೇ? ಮೊಬೈಲಿನಲ್ಲಿ ಹಾಡು ಹಾಕದಿದ್ದರೆ ರಾಗಿ ಮಣ್ಣಿ ತಿನ್ನುವುದೇ ಇಲ್ಲ. ಹಾಡು ಕೇಳಿ ಮಾತಾದರೂ ಬರುತ್ತದಲ್ಲ ಎಂಬ ಸಮಾಧಾನ."
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಭಾಷೆಗಳ ಚಿಂತೆ ಬಿಡಿ. ಮೊಬೈಲಿನ ಸಮಾಧಾನವನ್ನೂ ಬಿಡಿ.

ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ 6–8 ತಿಂಗಳ ಕೂಸುಗಳು ಹಿಂದಿಯ ತ–ಟ ಭೇದ ಗುರುತಿಸಿದವು. 10–12 ತಿಂಗಳಾಗುವಾಗ ಹೆಚ್ಚಿನವಕ್ಕೆ ಅದು ತಪ್ಪಿಹೋಗಿತ್ತು. ಕಿವಿಗೆ ಬೀಳದ ಧ್ವನಿ ಜಾರುತ್ತದೆ. ನಿಮ್ಮ ಮಗಳ ಕಿವಿ ಈಗಲೇ ತೆರೆದಿರುವುದು. ಅತ್ತೆಯವರ ತುಳು ನಿಲ್ಲಿಸಬೇಡಿ. ನೆರೆಮನೆಯವರ "ಮೞ"ಯೂ (ಮಲಯಾಳದಲ್ಲಿ ಮಳೆ) ಕೇಳಲಿ. ನಮ್ಮ ಮಳೆಯೂ ಹಳಗನ್ನಡದಲ್ಲಿ ಮೞೆಯೇ ಆಗಿತ್ತು, ಆ ಅಕ್ಷರವನ್ನು ನಾವು ಕಳಕೊಂಡೆವು.

ಆದರೆ ಕೇಳಿಸುವವರು ಎದುರಿಗಿರಬೇಕು. 2003ರಲ್ಲಿ ಪೆಟ್ರೀಷಿಯಾ ಕೂಲ್ ಅವರ ತಂಡ ಒಂಬತ್ತು ತಿಂಗಳ ಅಮೆರಿಕದ ಮಕ್ಕಳಿಗೆ 12 ಸಲ ಮ್ಯಾಂಡರಿನ್ ಕೇಳಿಸಿತು. ಎದುರು ಕೂತು ಆಡಿಸಿದವರಿಂದ ಮಕ್ಕಳು ಆ ಧ್ವನಿಗಳನ್ನು ಕಲಿತರು. ಅದನ್ನೇ ವಿಡಿಯೊದಲ್ಲಿ ನೋಡಿದವರು ಕಲಿಯಲಿಲ್ಲ. ಮಗು "ಅವ್ವವ್ವ" ಎಂದರೆ ಪರದೆ ಅದರತ್ತ ತಿರುಗುವುದಿಲ್ಲ, ಅಷ್ಟೇ. ಒಂದು ವರ್ಷದೊಳಗೆ ಪರದೆಯೇ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ.

ಬಿಡಿಸುವುದು ಹೇಗೆ? ಹಾಲು ಕುಡಿದು ಎರಡು ಗಂಟೆಯಾದರೂ ಕಳೆಯಲಿ. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಮಣ್ಣಿ ಗಟ್ಟಿ ಇರಲಿ. ಚಮಚ ತೋರಿಸಿ, ಬಾಯಿ ತೆರೆಯುವವರೆಗೆ ತಡೆಯಿರಿ. ಮಗು ಶಬ್ದ ಮಾಡಿದರೆ ಅದನ್ನೇ ತಿರುಗಿ ಹೇಳಿ, ಮನಸ್ಸಿನಲ್ಲೇ ಐದು ಎಣಿಸಿ. ನಾವು ಎಡವುವುದು ಇಲ್ಲೇ: ಒಂದರ ಹಿಂದೊಂದು "ಬೇಕಾ, ಸಾಕಾ, ಕಾಕ ಎಲ್ಲಿ" ಎನ್ನುತ್ತೇವೆ, ಅದಕ್ಕೆ ಸರದಿಯನ್ನೇ ಕೊಡುವುದಿಲ್ಲ. ಮುಖ ತಿರುಗಿಸಿತೋ, ಅದೂ ಉತ್ತರವೇ, ನಿಲ್ಲಿಸಿ. ಪರದೆ ನೋಡುತ್ತ ತಿಂದ ಮಗುವಿಗೆ ಹೊಟ್ಟೆ ತುಂಬಿದ್ದು ಸುಲಭಕ್ಕೆ ತಿಳಿಯುವುದಿಲ್ಲ. ಮೊದಲ ಕೆಲವು ದಿನ ನಾಲ್ಕೇ ಚಮಚ ಹೋದರೂ ಗಾಬರಿಯಾಗಬೇಡಿ. ಚಾವಡಿಯ ಟಿವಿಯನ್ನೂ ಆರಿಸಿ. ಅದು ಓಡುತ್ತಿದ್ದರೆ ದೊಡ್ಡವರ ಮಾತೇ ಕಡಿಮೆಯಾಗುತ್ತದೆ.

ಆಟಿಕೆಗೆ ದುಡ್ಡು ಸುರಿಯುವುದು ಬೇಡ. ನಯ ಮಾಡಿದ ಗೆರಟೆ, ಸ್ಟೀಲು ಲೋಟ, ಮರದ ಸೌಟು – ಒಮ್ಮೆಗೆ ಮೂರೇ ಸಾಕು. ಬೈರಾಸಿನಡಿ ಲೋಟ ಅಡಗಿಸಿ ನೋಡಿ: ಕಾಣದ ವಸ್ತು ಅಲ್ಲೇ ಇದೆ ಎಂದು ಎಳೆದು ತೆಗೆಯುವುದು ಈ ಪ್ರಾಯದ ದೊಡ್ಡ ಪಾಠ. ನೆಲದಲ್ಲಿ ಬಿಡುವ ಮೊದಲು ಗುಡಿಸಿ. ಅಡಿಕೆಯ ಚೂರು ಉಸಿರುನಾಳಕ್ಕೆ ಅಡ್ಡ ಬಂದೀತು.

ಒಂಬತ್ತು ತಿಂಗಳು ತುಂಬಿದ ಮೇಲೂ ಹೆಸರು ಕರೆದಾಗ ತಿರುಗದಿದ್ದರೆ, "ಬಬಬ, ಮಮಮ" ಬಾರದಿದ್ದರೆ, ಮೂರು ಭಾಷೆಯ ತಲೆಗೆ ಕಟ್ಟಿ ಕಾಯಬೇಡಿ. ಮಕ್ಕಳ ವೈದ್ಯರಲ್ಲಿ ಹೇಳಿ ಕಿವಿ ಪರೀಕ್ಷೆ ಮಾಡಿಸಿ.