ಹಿತ್ತಿಲ ಪಂಚಾಂಗ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಕಳೆದ ಮೇ ತಿಂಗಳಲ್ಲಿ ಪಕ್ಕದ ಮನೆಯವರಿಂದ ಹಳದಿ ಸೇವಂತಿಗೆಯ ಮರಿಗಳನ್ನು ತಂದು ಗೇಟಿನ ಬಳಿ, ಬೀದಿದೀಪದ ಕಂಬದ ಪಕ್ಕದಲ್ಲಿ ನೆಟ್ಟೆ. ಗಿಡ ಸೊಂಟದೆತ್ತರ ಬೆಳೆದಿದೆ, ಎಲೆ ಕಡುಹಸಿರು. ದೀಪಾವಳಿ ಮುಗಿದು ಕಾರ್ತಿಕವೂ ಕಳೆಯಿತು, ಒಂದು ಮೊಗ್ಗೂ ಇಲ್ಲ. ಪಕ್ಕದವರಿಗೆ ಮಾತ್ರ ಬುಟ್ಟಿಗಟ್ಟಲೆ ಹೂವು. ಡಿಎಪಿ ಕೊಟ್ಟೆ, ಬೇವಿನ ಹಿಂಡಿ ಹಾಕಿದೆ. ಇನ್ನೇನು ಹಾಕಲಿ?
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ಇನ್ನೇನೂ ಹಾಕಬೇಡಿ. ನಿಮ್ಮ ಗಿಡಕ್ಕೆ ಬೇಕಾಗಿರುವುದು ಕತ್ತಲೆ.

ಸೇವಂತಿಗೆ ಹಗಲು ಗಿಡ್ಡವಾದಾಗ ಹೂಬಿಡುವ ಜಾತಿ. ನಮ್ಮ ಕಡೆ ಜೂನ್‌ನಲ್ಲಿ ಹಗಲು ಹತ್ತಿರ ಹತ್ತಿರ 13 ಗಂಟೆ. ಡಿಸೆಂಬರ್ ಹೊತ್ತಿಗೆ 11 ಗಂಟೆ 20 ನಿಮಿಷದ ಆಸುಪಾಸು. ನಾವು ಗಮನಿಸದೇ ಬಿಡುವ ಈ ಒಂದೂವರೆ ಗಂಟೆಯ ವ್ಯತ್ಯಾಸ ಎಲೆಗೆ ಚೆನ್ನಾಗಿ ಗೊತ್ತಾಗುತ್ತದೆ. ಸೆಪ್ಟೆಂಬರ್ ದಾಟಿ ರಾತ್ರಿ ಉದ್ದವಾಗುತ್ತಾ ಹೋದಂತೆ ಮೊಗ್ಗು ಕಟ್ಟುವ ಸೂಚನೆ ಎಲೆಯಿಂದ ಕುಡಿಗೆ ತಲುಪುತ್ತದೆ. ಆದರೆ ಆ ರಾತ್ರಿ ಅಖಂಡವಾಗಿರಬೇಕು. ನಡುವೆ ಬೆಳಕು ಬಿದ್ದರೆ ಗಿಡಕ್ಕೆ ಅದು ಗಿಡ್ಡ ರಾತ್ರಿಯೇ. ಎಲೆಯ ಮೇಲೆ ಎಲೆ ಹಾಕುತ್ತಾ ಕೂರುತ್ತದೆ. ಹಸಿರುಮನೆಯಲ್ಲಿ ಸೇವಂತಿಗೆ ಬೆಳೆಯುವವರು ಬೇಕೆಂದೇ ರಾತ್ರಿ ಬಲ್ಬು ಉರಿಸಿ ಹೂವನ್ನು ತಡೆಹಿಡಿಯುತ್ತಾರೆ, ಬೆಲೆ ಬರುವ ದಿನಕ್ಕೆ ಅರಳಿಸಲು. ನಿಮ್ಮಲ್ಲಿ ಆ ಕೆಲಸವನ್ನು ಬೀದಿದೀಪ ಪುಕ್ಕಟೆಯಾಗಿ ಮಾಡಿಕೊಡುತ್ತಿದೆ.

ರಾತ್ರಿ ಊಟವಾದ ಮೇಲೆ ಗಿಡದ ಪಕ್ಕ ನಿಂತು ಕೈ ಚಾಚಿ ನೋಡಿ. ಬೆರಳುಗಳ ನೆರಳು ನೆಲದ ಮೇಲೆ ಬಿಡಿಬಿಡಿಯಾಗಿ ಕಾಣುತ್ತಿದ್ದರೆ ಆ ಜಾಗ ಸೇವಂತಿಗೆಗೆ ಸಲ್ಲದು. ಅಲ್ಲಿಗೆ ದಾಸವಾಳವೋ ಕರಿಬೇವೋ ಆದೀತು. ಗಿಡದಲ್ಲಿ ಗೋಡೆಯ ಕಡೆ ಕತ್ತಲಲ್ಲಿರುವ ರೆಂಬೆಗಳನ್ನೂ ಹುಡುಕಿ. ಅಲ್ಲೊಂದು ಇಲ್ಲೊಂದು ಮೊಗ್ಗು ಸಿಕ್ಕರೂ ಸಿಗಬಹುದು.

ಈ ವರ್ಷದ ಹೂವಿನ ಆಸೆ ಬಿಡಿ. ಗಿಡವನ್ನು ಗೇಣುದ್ದಕ್ಕೆ ಕತ್ತರಿಸಿ, ಬುಡದಲ್ಲಿ ಬರುವ ಮರಿಗಳನ್ನು ಮೇ ಕೊನೆಗೆ ಬೇರುಸಹಿತ ಬಿಡಿಸಿ, ಮನೆಯ ಹಿಂದೆ ಹಗಲು ಬಿಸಿಲು, ರಾತ್ರಿ ಕತ್ತಲೆ ಇರುವ ಕಡೆ ನೆಡಿ. ಜುಲೈಯಿಂದ ಆಗಸ್ಟ್‌ವರೆಗೆ ಕುಡಿ ಚಿವುಟುತ್ತಿರಿ, ಕವಲು ಹೆಚ್ಚುತ್ತದೆ. ಆಗಸ್ಟ್ ಮುಗಿದ ಮೇಲೆ ಕೈ ಹಚ್ಚಬೇಡಿ, ಸಾರಜನಕದ ಗೊಬ್ಬರವನ್ನೂ ನಿಲ್ಲಿಸಿ. ಡಿಎಪಿಯನ್ನು ಜನ ಹೆಚ್ಚಾಗಿ ಗಿಡದ ಹಸಿವಿಗಲ್ಲ, ತಮ್ಮ ಆತಂಕಕ್ಕೆ ಹಾಕುತ್ತಾರೆ ಎಂಬುದು ನನ್ನ ಗುಮಾನಿ.

ಚಪ್ಪರದ ನಾಟಿ ಅವರೆಯದೂ ಇದೇ ಸ್ವಭಾವ. ಆಷಾಢದಲ್ಲಿ ಬಿತ್ತಿದರೂ ಹಗಲು ಕುಗ್ಗುವವರೆಗೆ ಬಳ್ಳಿ ಹಬ್ಬುತ್ತದೆಯೇ ಹೊರತು ಹೂವಾಗುವುದಿಲ್ಲ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಕಟ್ಟುಪಾಡಿಲ್ಲ, ಯಾವ ಕಾಲದಲ್ಲಾದರೂ ಕಾಯಿ ಕೊಡುತ್ತವೆ. ಅನುಕೂಲವೇನೋ ಸರಿ. ಆದರೆ ಇಬ್ಬನಿ ಬೀಳುವ ಬೆಳಗ್ಗೆ ಸೊಗಡಿನ ಕಾಯಿ ಕಿತ್ತು ಬೆರಳು ಮೂಸಿ ನೋಡಿಕೊಳ್ಳುವವರಿಗೆ ಮೇ ತಿಂಗಳ ಅವರೆ ಯಾಕೆ ಬೇಕು ಎಂದು ನನಗೆ ಅರ್ಥವಾಗಿಲ್ಲ.

ಪ್ರಶ್ನೆ: ಅತ್ತೆಯವರ ಕಾಲದಿಂದ ನಮ್ಮ ಅಂಗಳದಲ್ಲಿ ನಾಲ್ಕೈದು ಬಣ್ಣದ ಡೇರೆ ಹೂವು (ಡೇಲಿಯಾ) ಇತ್ತು. ಈಗ ಪ್ರತಿ ವರ್ಷ ಗೆಡ್ಡೆ ಕಿತ್ತು, ಒಂದೊಂದಾಗಿ ಮುರಿದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತೇನೆ. ಅರ್ಧ ಕೊಳೆಯುತ್ತವೆ, ಉಳಿದವು ನೆಟ್ಟರೂ ಚಿಗುರುವುದಿಲ್ಲ. ಬಿಳಿ ಬಣ್ಣದ್ದು ಆಗಲೇ ಹೋಯಿತು.
— ಓದುಗರು, ಕೊಪ್ಪ

ಉತ್ತರ: ಮಲೆನಾಡಿನಲ್ಲಿ ಬಟ್ಟೆ ಒಣಗದ, ಗೋಡೆಗೆ ಬೂಷ್ಟು ಹಿಡಿಯುವ ದಿನಗಳಲ್ಲಿ ಅಂಗಳಕ್ಕೆ ಬಣ್ಣ ಎಂದರೆ ಡೇರೆಯೇ. ಅದನ್ನು ಉಳಿಸಿಕೊಳ್ಳಲೇಬೇಕು.

ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಯ ಗೆಡ್ಡೆ ಹಾಗಲ್ಲ. ಅದರ ಕಣ್ಣುಗಳಿರುವುದು ಗೆಡ್ಡೆ ದಂಟಿಗೆ ಸೇರುವ ಕುತ್ತಿಗೆಯಲ್ಲಿ ಮಾತ್ರ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪಗಿರಲಿ, ಅದರಿಂದ ಚಿಗುರು ಬಾರದು. ಆದ್ದರಿಂದ ಕಿತ್ತಾಗ ಗೊಂಚಲನ್ನು ಹಾಗೇ ಇಡಿ. ಬಿಡಿಸುವುದಿದ್ದರೆ ಮೇ ತಿಂಗಳಲ್ಲಿ, ಕುತ್ತಿಗೆಯ ಸುತ್ತ ಗುಲಾಬಿ ಬಣ್ಣದ ಸಣ್ಣ ಉಬ್ಬು ಕಂಡ ಮೇಲೆ, ಪ್ರತಿ ಹೋಳಿಗೂ ಒಂದು ಉಬ್ಬು ಬರುವಂತೆ ಚಾಕುವಿನಿಂದ ಕೊಯ್ಯಿರಿ. ಕೊಯ್ದ ಗಾಯಕ್ಕೆ ಒಲೆಯ ಬೂದಿ ಸವರಿ.

ಕೀಳಲು ಅವಸರ ಮಾಡಬೇಡಿ. ಹಗಲು ಗಿಡ್ಡವಾದ ಮೇಲೆಯೇ ಗೆಡ್ಡೆ ಬಲಿಯುವುದು. ಗಿಡ ತಾನಾಗಿ ಒಣಗುವವರೆಗೆ, ಅಂದರೆ ಡಿಸೆಂಬರ್‌ವರೆಗೆ, ಬಿಟ್ಟುಬಿಡಿ. ಡೇರೆಯ ದಂಟು ಒಳಗೆ ಟೊಳ್ಳು. ಮಳೆ ಇರುವಾಗ ಬುಡಕ್ಕೆ ಕತ್ತರಿಸಿದರೆ ಆ ಕೊಳವೆಯಲ್ಲಿ ನೀರು ನಿಂತು ಕೊಳೆತ ನೇರ ಕುತ್ತಿಗೆಗೇ ಇಳಿಯುತ್ತದೆ. ಕಿತ್ತ ಗೊಂಚಲನ್ನು ನೆರಳಿನಲ್ಲಿ ಆರಿಸಿ, ಬುಟ್ಟಿಯಲ್ಲಿ ಒಣಮರಳು ಹಾಕಿ ಹೂತು, ಅಟ್ಟದ ಮೇಲಿಡಿ. ಪ್ಲಾಸ್ಟಿಕ್ ಬೇಡವೇ ಬೇಡ.

ಮೇ ತಿಂಗಳ ಮಳೆ ಬಿದ್ದು ನೆಲ ಹದವಾದ ಮೇಲೆ ಗೇಣೆತ್ತರದ ದಿಣ್ಣೆ ಮಾಡಿ ನೆಡಿ, ಅಡಿಕೆ ದಬ್ಬೆಯ ಊರುಗೋಲನ್ನು ಅದೇ ದಿನ ಹುಗಿಯಿರಿ; ಆಮೇಲೆ ಹುಗಿದರೆ ಗೆಡ್ಡೆಗೆ ತಿವಿಯುತ್ತದೆ. ಎಳೆ ಚಿಗುರಿಗೆ ಬಸವನಹುಳು ಮುತ್ತುವುದು ಖಂಡಿತ. ಉಪ್ಪು ಸುರಿಯಬೇಡಿ, ಮಣ್ಣು ಕೆಡುತ್ತದೆ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಕೆಳಗೆ ಪಪ್ಪಾಯಿ ಎಲೆ ಇಡಿ. ಬೆಳಗ್ಗೆ ಚೀಲ ಎತ್ತಿದರೆ ಎಲ್ಲವೂ ಅಲ್ಲೇ ಸಭೆ ಸೇರಿರುತ್ತವೆ. ಶ್ರಾವಣದಿಂದ ಗೌರಿ ಹಬ್ಬದವರೆಗೆ ಹೂವಿಗೆ ಕೊರತೆಯಾಗದು. ಬಿಳಿಯದನ್ನು ಕೇಳಿ ತನ್ನಿ. ನಿಮ್ಮ ಅತ್ತೆಯವರು ಯಾರಿಗೆ ಗೆಡ್ಡೆ ಕೊಟ್ಟಿದ್ದರೋ ಅವರ ಅಂಗಳದಲ್ಲಿ ಅದು ಇದ್ದೇ ಇರುತ್ತದೆ.

ಪ್ರಶ್ನೆ: ಕುಂಡದಲ್ಲಿರುವ ನಮ್ಮ ಬ್ರಹ್ಮಕಮಲ ಹಿಮಾಲಯದ್ದೇ?
— ವಿದ್ಯಾರ್ಥಿ, ಹಾಸನ

ಉತ್ತರ: ಅಲ್ಲ. ಹಿಮಾಲಯದ ಬ್ರಹ್ಮಕಮಲ ಬೇರೆ, ಅದು ಉತ್ತರಾಖಂಡದ ರಾಜ್ಯಪುಷ್ಪ, ನಮ್ಮ ಹವೆಯಲ್ಲಿ ಬದುಕದು. ನಿಮ್ಮದು ಮೆಕ್ಸಿಕೊ ಕಡೆಯಿಂದ ಬಂದ ಕಳ್ಳಿ. ಎಲೆಯಂತೆ ಕಾಣುವುದು ಅದರ ಕಾಂಡ, ಮೊಗ್ಗು ಬರುವುದೂ ಅದರ ಅಂಚಿನ ಕಚ್ಚುಗಳಲ್ಲೇ. ಊರು ಯಾವುದಾದರೇನು, ಮಳೆಗಾಲದ ರಾತ್ರಿ ಅದು ಬಿರಿಯುವಾಗ ಮನೆಮಂದಿಯನ್ನೆಲ್ಲ ಎಬ್ಬಿಸಿ.

ಪ್ರಶ್ನೆ: ನಮ್ಮದು ಬಯಲುಸೀಮೆ, ವಾರಕ್ಕೊಮ್ಮೆ ನೀರು. ಹತ್ತು ಅಡಿ ಹಿತ್ತಿಲಿನಲ್ಲಿ ಯಾವುದರ ಆಸೆ ಇಟ್ಟುಕೊಳ್ಳಲಿ?
— ನಿವೃತ್ತ ಶಿಕ್ಷಕರು, ಅರಸೀಕೆರೆ

ಉತ್ತರ: ದುಂಡು ಮಲ್ಲಿಗೆ. ನೀರಿನ ಬರವೇ ಅದಕ್ಕೆ ಅರ್ಧ ಉಪಚಾರ ಎನ್ನಬಹುದು.

ಮಲ್ಲಿಗೆ ಹೂಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಡಿಸೆಂಬರ್ ಮಧ್ಯದಲ್ಲಿ ನೀರು ನಿಲ್ಲಿಸಿ ಗಿಡವನ್ನು ಸೊರಗಿಸಿ. ತಿಂಗಳ ಕೊನೆಗೆ ನೆಲದಿಂದ ಒಂದೂವರೆ ಅಡಿ ಬಿಟ್ಟು ಕತ್ತರಿಸಿ, ಉಳಿದ ಎಲೆಗಳನ್ನೂ ತರಿದುಹಾಕಿ. ಬುಡ ಬಿಡಿಸಿ ಕೊಟ್ಟಿಗೆ ಗೊಬ್ಬರ ತುಂಬಿ, ಮತ್ತೆ ನೀರು ಕೊಡಲು ಶುರುಮಾಡಿ. ಯುಗಾದಿಯ ಹೊತ್ತಿಗೆ ಸಂಜೆಯ ಹಿತ್ತಿಲಿಗೆ ಪರಿಮಳ ಬಂದಿರುತ್ತದೆ.

ತೆಂಗಿನ ಸೀಮೆಯಲ್ಲಿದ್ದೀರಿ, ಮಟ್ಟೆಗೆ ಬರವಿಲ್ಲ. ಸಿಪ್ಪೆಯನ್ನು ಒಳಮೈ ಮೇಲಾಗಿ ಪಾತಿಯ ಸುತ್ತ ಹೂಳಿದರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಮಲ್ಲಿಗೆಗೆ ಇರಲಿ. ಸೋಪಿನ ನೀರನ್ನು ಅದಕ್ಕೆ ಹಾಕಬೇಡಿ, ಬಾಳೆಯ ಗುಂಡಿಗೆ ತಿರುಗಿಸಿ. ಮೂಲೆಯಲ್ಲೊಂದು ನುಗ್ಗೆ ಸಾಕು, ಎರಡಾದರೆ ಮಲ್ಲಿಗೆಗೆ ಬಿಸಿಲು ಸಿಗದು. ಕತ್ತರಿ ಕೆಲಸವನ್ನು ಮಾತ್ರ ಸಂಕ್ರಾಂತಿಯೊಳಗೆ ಮುಗಿಸಿ. ತಡವಾದಷ್ಟೂ ಹೂವೂ ತಡ.