549 ಸೇವ್: ಕೂಡಿಸಬಹುದಾ, ಕೂಡಿಸಬಾರದಾ?

ಓದುಗರ ಪತ್ರ

ಮಾನ್ಯ ಸಂಪಾದಕರೇ, ಕೊರಿಯಾದ ಬೇಸ್‌ಬಾಲ್ ಆಟಗಾರ ಓ ಸುಂಗ್-ಹ್ವಾನ್ ನಿವೃತ್ತರಾದ ಸುದ್ದಿಯನ್ನು ನಿಮ್ಮ ಕ್ರೀಡಾ ಪುಟದಲ್ಲಿ ಓದಿದೆ. ಮೂರು ಲೀಗ್‌ಗಳಲ್ಲಿ ಒಟ್ಟು 549 ಸೇವ್ ಅಂತ ಬರೆದಿದ್ದೀರಿ. ಸೇವ್ ಅಂದರೇನು ಅಂತ ಒಂದು ಸಾಲೂ ಇಲ್ಲ. ಅದು ಹೋಗಲಿ, ಮೂರು ಲೀಗಿನ ಲೆಕ್ಕ ಕೂಡಿಸೋದು ಸೇರು, ಕೆಜಿ, ಪೌಂಡು ಮೂರನ್ನೂ ಕೂಡಿಸಿ ಮೊತ್ತ ಬರೆದ ಹಾಗಲ್ಲವೇ? ಆಟದ ಕೊನೆಗೆ ಬಂದು ಹತ್ತಿಪ್ಪತ್ತು ಚೆಂಡು ಎಸೆದು ಹೋಗುವವರಿಗೆ ಇಷ್ಟು ದೊಡ್ಡ ಹೆಸರೇಕೆ? ದುಡ್ಡು ಕಂಡ ಕಡೆ ತಂಡ ಬದಲಿಸಿದವರನ್ನು ಹೊಗಳಬೇಕೇ? ನನ್ನ ಮೊಮ್ಮಗ ಈ ಆಟ ನೋಡೋಣ ಅನ್ನುತ್ತಿದ್ದಾನೆ. ನಮ್ಮ ದೇಶದವರು ಯಾರಾದರೂ ಇದ್ದಾರಾ ಅಂತಲೂ ಕೇಳುತ್ತಾನೆ. ಇದಕ್ಕೂ ರಾತ್ರಿಯೆಲ್ಲ ನಿದ್ದೆಗೆಡಬೇಕಾ?
— ನಿವೃತ್ತ ಗಣಿತ ಶಿಕ್ಷಕ, ದಾವಣಗೆರೆ

ಸಂಪಾದಕರ ಉತ್ತರ

ಮೇಷ್ಟ್ರೇ, ನಮಸ್ಕಾರ. ಸುದ್ದಿ ನಾಲ್ಕು ಸಾಲಿನದು, ನಿಮ್ಮ ಪ್ರಶ್ನೆಗಳು ಅದಕ್ಕಿಂತ ಜಾಸ್ತಿ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಮೊದಲು ಆ ಹತ್ತಿಪ್ಪತ್ತು ಚೆಂಡಿನ ವಿಷಯ. ಬೇಸ್‌ಬಾಲ್‌ನಲ್ಲಿ ಒಂದು ತಂಡಕ್ಕೆ 9 ಇನಿಂಗ್ಸ್. ಒಂದು ಇನಿಂಗ್ಸ್ ಅಂದರೆ 3 ಔಟ್, ಅಷ್ಟೇ. ಆಟ ಶುರು ಮಾಡುವ ಪಿಚರ್, ಅಂದರೆ ಚೆಂಡು ಎಸೆಯುವವರು, ಐದಾರು ಇನಿಂಗ್ಸ್ ಎಸೆಯುವಷ್ಟರಲ್ಲಿ ಸುಸ್ತಾಗುತ್ತಾರೆ. ಆಮೇಲೆ ಬರುವವರೆಲ್ಲ ರಿಲೀಫ್ ಪಿಚರ್‌ಗಳು. ಇಲ್ಲೊಂದು ನಿಯಮ ಇದೆ, ಕ್ರಿಕೆಟ್ ನೋಡಿ ಬೆಳೆದ ನಮಗೆ ಅದು ಸುಲಭಕ್ಕೆ ಹೊಳೆಯುವುದಿಲ್ಲ. ಬುಮ್ರಾ ಶುರುವಿನಲ್ಲಿ ಎರಡು ಓವರ್ ಹಾಕಿ, ಬೌಂಡರಿ ಹತ್ತಿರ ನಿಂತು, ಮತ್ತೆ 18ನೇ ಓವರಿಗೆ ಬರಬಹುದು. ಬೇಸ್‌ಬಾಲ್‌ನಲ್ಲಿ ಆಟದಿಂದ ಹೊರಗೆ ಹೋದವರು ಆ ದಿನ ಮತ್ತೆ ಒಳಗೆ ಬರುವ ಹಾಗಿಲ್ಲ. ಅಂದಮೇಲೆ ಕೊನೆಯ 3 ಔಟ್ ತೆಗೆಯುವವರನ್ನು ಕೋಚ್ ಮೊದಲಿಂದಲೂ ಎತ್ತಿಡಲೇಬೇಕು. ಹಾಗೆ ಎತ್ತಿಟ್ಟವರೇ ಕ್ಲೋಸರ್. ಅವರು ಎರಡೂವರೆ ಗಂಟೆ ಬುಲ್‌ಪೆನ್‌ನಲ್ಲಿ, ಅಂದರೆ ಪಿಚರ್‌ಗಳು ತಯಾರಾಗುವ ಜಾಗದಲ್ಲಿ, ಕಾಯುತ್ತಾರೆ. ಫೋನ್ ಬಂದರೆ ಎದ್ದು ಕೈ ಬಿಸಿ ಮಾಡಿಕೊಳ್ಳುತ್ತಾರೆ. ಕೆಲವು ದಿನ ಹಾಗೆ ತಯಾರಾಗಿ, ಆಡದೇ ವಾಪಸ್ ಕೂರುವುದೂ ಉಂಟು.

ಇನ್ನು ಸೇವ್. ಗೆಲ್ಲುವ ತಂಡದ ಪರ ಕೊನೆಯ ಚೆಂಡಿನವರೆಗೂ ಎಸೆದವರಿಗೆ ಅದು ಸಿಗುತ್ತೆ. ಆದರೆ ಗೆಲುವು (ಪ್ರತಿ ಪಂದ್ಯದ ಗೆಲುವನ್ನೂ ಒಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ) ಅವರ ಖಾತೆಗೆ ಬಿದ್ದಿರಬಾರದು, ಅವರು ಬಂದಾಗ ಪರಿಸ್ಥಿತಿ ಬಿಗಿಯಾಗಿರಬೇಕು. ಸಾಮಾನ್ಯವಾಗಿ 3 ರನ್ ಅಥವಾ ಅದಕ್ಕಿಂತ ಕಡಿಮೆ ಮುನ್ನಡೆ ಇದ್ದಾಗ ಬಂದು, ಒಂದು ಇನಿಂಗ್ಸ್ ಪೂರ್ತಿ ಎಸೆದು, ಮುನ್ನಡೆ ಕೈಬಿಡದೆ ಆಟ ಮುಗಿಸಬೇಕು. ಬೇರೆ ದಾರಿಗಳೂ ಇವೆ, ಹೆಚ್ಚಿನ ಸೇವ್ ಬರುವುದು ಇದರಲ್ಲೇ. ಈ ಲೆಕ್ಕ ಹುಟ್ಟಿಸಿದ್ದು ಆಟಗಾರರಲ್ಲ, ಷಿಕಾಗೋದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್. ಅಮೆರಿಕದ ಮೇಜರ್ ಲೀಗ್ ಅದನ್ನು 1969ರಲ್ಲಿ ದಾಖಲೆಗೆ ಸೇರಿಸಿತು. ನಮ್ಮ ಕಸುಬಿನವರು ಮಾಡಿದ ಲೆಕ್ಕ ಅಂತ ನನಗೆ ಅದರ ಮೇಲೆ ಸ್ವಲ್ಪ ಪ್ರೀತಿ. ಆದರೂ ಹುಳುಕು ಇಲ್ಲದ ಲೆಕ್ಕ ಅಲ್ಲ. ಏಳನೇ ಇನಿಂಗ್ಸಿನಲ್ಲಿ ಮೂರು ಬೇಸ್‌ನಲ್ಲೂ ಎದುರಾಳಿಗಳು ನಿಂತಿರುವಾಗ ಬಂದು ಅಪಾಯ ತಪ್ಪಿಸಿದವರಿಗೆ ಸೇವ್ ಇಲ್ಲ. ಒಂಬತ್ತನೇ ಇನಿಂಗ್ಸಿನಲ್ಲಿ 3 ರನ್ ಮುನ್ನಡೆಯ ಮೇಲೆ ಆರಾಮಾಗಿ ಬಂದು, ಎರಡು ರನ್ ಕೊಟ್ಟು ಮುಗಿಸಿದವರಿಗೆ ಸೇವ್ ಇದೆ. ಈ ಮಟ್ಟಿಗೆ ನಿಮ್ಮ ಅನುಮಾನ ಸರಿಯೇ.

ಈಗ ಆ ಮನುಷ್ಯನ ಕಡೆ ಬರೋಣ. ಸುಂಗ್-ಹ್ವಾನ್ ಹುಟ್ಟಿದ್ದು 1982ರಲ್ಲಿ. ದಾನ್‌ಗುಕ್ ವಿಶ್ವವಿದ್ಯಾಲಯ ಸೇರಿದ ಹೊತ್ತಿಗೇ ಬಲ ಮೊಣಕೈ ಕೆಟ್ಟು ಆಪರೇಷನ್ ಆಗಿತ್ತು. 2005ರಲ್ಲಿ ದೇಗು ನಗರದ ಸ್ಯಾಮ್‌ಸಂಗ್ ಲಯನ್ಸ್ ಸೇರಿದರು. ಮೊದಲ ವರ್ಷವೇ 10 ಗೆಲುವು, 16 ಸೇವ್. ಆ ವರ್ಷದ ಹೊಸಬರ ಪ್ರಶಸ್ತಿ, ಜೊತೆಗೆ ಫೈನಲ್ ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ. ಮರುವರ್ಷ 47 ಸೇವ್. 2011ರಲ್ಲಿ ಮತ್ತೆ 47, ಆ ವರ್ಷ 9 ಇನಿಂಗ್ಸಿಗೆ ಅವರು ಕೊಟ್ಟ ರನ್ ಸರಾಸರಿ 0.63. ಒಂದು ರನ್ನೂ ಇಲ್ಲ ಅಂತಲೇ ಅನ್ನಿ.

ಅವರು ಎಸೆಯುವುದನ್ನು ಒಮ್ಮೆ ನಿಧಾನಗತಿಯಲ್ಲಿ ನೋಡಿ, ಮೇಷ್ಟ್ರೇ. ಎಡಗಾಲು ಎತ್ತುತ್ತಾರೆ, ಮುಂದಕ್ಕೆ ತರುತ್ತಾರೆ, ಇನ್ನೇನು ನೆಲಕ್ಕೆ ತಾಗಿತು ಅನ್ನುವಾಗ ಕಾಲು ಊರುವುದಿಲ್ಲ. ಮತ್ತೊಂದು ಚೂರು ಮುಂದೆ ಹೋಗಿ ಆಮೇಲೆ ಊರುತ್ತೆ. ಆ ಒಂದು ಕ್ಷಣದಲ್ಲಿ ಬ್ಯಾಟರ್‌ನ ಲೆಕ್ಕ ತಪ್ಪುತ್ತೆ. ಅಷ್ಟರಲ್ಲಿ ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಬಂದಾಗಿರುತ್ತೆ. ಮುಖದಲ್ಲಿ ಮಾತ್ರ ಏನೂ ಇಲ್ಲ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಆದರೂ ಅದೇ ಮುಖ, ಹೋಮ್ ರನ್ (ನಮ್ಮ ಸಿಕ್ಸರ್ ಥರದ್ದು) ಹೊಡೆಸಿಕೊಂಡರೂ ಅದೇ ಮುಖ. ಕೊರಿಯಾದವರು ಅದಕ್ಕೇ 'ಕಲ್ಲು ಬುದ್ಧ' ಅಂತ ಕರೆದರು. ಇನ್ನೊಂದು ಅಡ್ಡಹೆಸರು ವಿಡಿಯೋ ಗೇಮಿನದು, 'ಫೈನಲ್ ಬಾಸ್'. ಎಲ್ಲ ಹಂತ ದಾಟಿ ಬಂದವರಿಗೆ ಕೊನೆಗೆ ಎದುರಾಗುವ ದೊಡ್ಡ ವಿಲನ್. ಮೊಮ್ಮಗನನ್ನು ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾನೆ.

2013ರ ಕೊನೆಗೆ ಕೊರಿಯಾದಲ್ಲಿ 277 ಸೇವ್ ಆಗಿದ್ದವು. ಮುಂದಿನ ಎರಡು ವರ್ಷ ಜಪಾನಿನ ಹಾನ್‌ಶಿನ್ ಟೈಗರ್ಸ್. ಆ ಕಾಲಿನ ಚಲನೆ ನಿಯಮಕ್ಕೆ ಒಪ್ಪುತ್ತಾ ಅಂತ ಅಲ್ಲಿ ಶುರುವಿನಲ್ಲೇ ಚರ್ಚೆ ಎದ್ದಿತು. ಅವರು ಬದಲಿಸಲಿಲ್ಲ, ಹಾಗೇ ಎಸೆದರು. ಮೊದಲ ವರ್ಷ 39 ಸೇವ್, ಎರಡನೇ ವರ್ಷ 41. ಎರಡೂ ವರ್ಷ, ಆ ತಂಡ ಆಡುವ ಸೆಂಟ್ರಲ್ ಲೀಗ್‌ನಲ್ಲಿ ಅವರನ್ನು ಮೀರಿದವರಿಲ್ಲ. 2014ರ ಕ್ಲೈಮ್ಯಾಕ್ಸ್ ಸೀರೀಸ್‌ನಲ್ಲಿ, ಅಂದರೆ ಫೈನಲ್‌ಗೆ ಮುಂಚಿನ ಸುತ್ತುಗಳಲ್ಲಿ, ತಂಡ ಆಡಿದ ಆರೂ ಪಂದ್ಯದಲ್ಲಿ ಎಸೆದರು. ಆದರೆ ಆ ವರ್ಷದ ಫೈನಲ್ ಸರಣಿಯಾದ ಜಪಾನ್ ಸೀರೀಸ್‌ನ ನಾಲ್ಕನೇ ಪಂದ್ಯದಲ್ಲಿ, 9 ಇನಿಂಗ್ಸ್ ಸಮವಾಗಿ ಮುಗಿದು ಹತ್ತನೇ ಇನಿಂಗ್ಸಿಗೆ ಹೋದಾಗ, ಅಕಿರಾ ನಕಾಮುರಾ 3 ರನ್‌ಗಳ ಹೋಮ್ ರನ್ ಹೊಡೆದರು. ಪಂದ್ಯ ಅಲ್ಲಿಗೇ ಮುಗಿಯಿತು. ಕ್ಲೋಸರ್ ಕೆಲಸದ ಕಷ್ಟ ಇದೇ ನೋಡಿ. ಶುರುವಿನ ಪಿಚರ್ ತಪ್ಪು ಮಾಡಿದರೆ ತಂಡಕ್ಕೆ ಇನ್ನೂ ಆರೇಳು ಇನಿಂಗ್ಸ್ ಉಳಿದಿರುತ್ತೆ. ಕ್ಲೋಸರ್ ತಪ್ಪು ಮಾಡಿದರೆ ಜನ ಎದ್ದು ಮನೆಗೆ ಹೋಗುತ್ತಾರೆ.

2016ರಲ್ಲಿ ಅಮೆರಿಕ, ಸೇಂಟ್ ಲೂಯಿಸ್ ಕಾರ್ಡಿನಲ್ಸ್. ನಿಮ್ಮ ಸೇರು-ಕೆಜಿ ಪ್ರಶ್ನೆಗೆ ನಿಜವಾದ ಉತ್ತರ ಈ ವರ್ಷದಲ್ಲಿದೆ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ಎರಡು ದೇಶದಲ್ಲಿ 357 ಸೇವ್ ಮಾಡಿದವರು ಬಂದಿದ್ದಾರೆ ಅಂತ ಅಲ್ಲಿ ಯಾರೂ ಕುರ್ಚಿ ಬಿಟ್ಟುಕೊಡಲಿಲ್ಲ. ಟ್ರೆವರ್ ರೋಸೆಂಥಾಲ್ ಎಂಬ ಕ್ಲೋಸರ್ ಆಗಲೇ ಇದ್ದರು, ಹಿಂದಿನ ವರ್ಷ 48 ಸೇವ್ ಮಾಡಿದವರು. ಸುಂಗ್-ಹ್ವಾನ್ ಪಿಟ್ಸ್‌ಬರ್ಗ್‌ನಲ್ಲಿ ಮೊದಲ ಪಂದ್ಯ ಆಡಿದಾಗ ಕರೆದದ್ದು ಏಳನೇ ಇನಿಂಗ್ಸಿಗೆ. ಅಂದರೆ ಸಾಲಿನಲ್ಲಿ ಹಿಂದೆ ನಿಂತುಕೋ ಅಂತ. ವಯಸ್ಸು 33. ಚೆಂಡು ಕೂಡ ಬೇರೆ. ಜಪಾನಿನ ಚೆಂಡಿನ ಚರ್ಮ ಬೆರಳಿಗೆ ಹಿಡಿತ ಕೊಡುತ್ತೆ. ಅಮೆರಿಕದ್ದು ನುಣುಪು, ಜಾರುತ್ತೆ. ಎಷ್ಟು ಜಾರುತ್ತೆ ಅಂದರೆ, ಪಂದ್ಯಕ್ಕೆ ಮುಂಚೆ ಡೆಲವೇರ್ ನದಿ ಕಡೆಯ ಕೆಸರನ್ನು ತಂದು ಪ್ರತಿ ಚೆಂಡಿಗೂ ಉಜ್ಜುತ್ತಾರೆ. ಇದು ತಮಾಷೆಯಲ್ಲ, ಮೇಜರ್ ಲೀಗಿನ ನಿಜವಾದ ಪದ್ಧತಿ.

ಜೂನ್ ಹೊತ್ತಿಗೆ ರೋಸೆಂಥಾಲ್ ಹಿಡಿತ ತಪ್ಪಿತು. ಜುಲೈ 2ರಂದು ಮಿಲ್ವಾಕಿ ಬ್ರೂವರ್ಸ್ ವಿರುದ್ಧ ಸುಂಗ್-ಹ್ವಾನ್‌ಗೆ ಒಂಬತ್ತನೇ ಇನಿಂಗ್ಸ್ ಸಿಕ್ಕಿತು, ಅಮೆರಿಕದ ಮೊದಲ ಸೇವ್ ಬಂತು. ವರ್ಷ ಮುಗಿದಾಗ 76 ಪಂದ್ಯ, 19 ಸೇವ್, 103 ಸ್ಟ್ರೈಕ್‌ಔಟ್, ಸರಾಸರಿ 1.92.

ಅಂದರೆ ಲೀಗ್ ಬದಲಾದಾಗ ಸೇವ್‌ಗಳು ಜೊತೆಗೆ ಬರುವುದಿಲ್ಲ. ಪ್ರತಿ ದೇಶದ ದಾಖಲೆ ಪುಸ್ತಕದಲ್ಲೂ ಸೊನ್ನೆಯಿಂದಲೇ ಶುರು. ಕೊರಿಯಾದಲ್ಲಿ 427, ಜಪಾನಿನಲ್ಲಿ 80, ಅಮೆರಿಕದ ಮೇಜರ್ ಲೀಗ್‌ನಲ್ಲಿ 42. 549 ಅನ್ನುವ ಸಂಖ್ಯೆ ಈ ಮೂರು ಪುಸ್ತಕಗಳಲ್ಲಿ ಎಲ್ಲೂ ಇಲ್ಲ. ಮಾರಿಯಾನೋ ರಿವೇರಾ ಮೇಜರ್ ಲೀಗ್ ಒಂದರಲ್ಲೇ, ಅದೂ ಯಾಂಕೀಸ್ ಒಂದೇ ತಂಡಕ್ಕೆ, 652 ಸೇವ್ ಮಾಡಿದರು. ಟ್ರೆವರ್ ಹಾಫ್‌ಮನ್ 601. ಅವರ ಪಕ್ಕದಲ್ಲಿ 549 ಇಟ್ಟು ಸುಂಗ್-ಹ್ವಾನ್ ಜಗತ್ತಿಗೇ ಮೂರನೆಯವರು ಅಂದರೆ ನಾನೂ ಒಪ್ಪುವುದಿಲ್ಲ. ಅಲ್ಲಿಗೆ ನೀವು ಗೆದ್ದಿರಿ. ಆದರೆ ಹೋಲಿಕೆ ಬಿಟ್ಟು, ಒಬ್ಬರ ದುಡಿಮೆ ಅಂತ ನೋಡಿದರೆ ಕೂಡಿಸಲೇಬೇಕು. ಒಂಬತ್ತನೇ ಇನಿಂಗ್ಸ್ ಅನ್ನುವ ಕೆಲಸವನ್ನು ಅವರು ಮೂರು ಕಡೆ, ಮೂರು ಬೇರೆ ಭಾಷೆಯ ಕ್ಯಾಚರ್‌ಗಳ (ಪಿಚರ್ ಎಸೆದ ಚೆಂಡು ಹಿಡಿಯುವವರು) ಜೊತೆ ಸಂಪಾದಿಸಿದರು. ಮುಂದಿನ ಸಲ ಮೊತ್ತದ ಪಕ್ಕದಲ್ಲಿ ಬಿಡಿ ಲೆಕ್ಕವನ್ನೂ ಹಾಕುತ್ತೇವೆ, ಗಣಿತದ ಮೇಷ್ಟ್ರಿಗೆ ಅಷ್ಟಾದರೂ ಮರ್ಯಾದೆ ಸಲ್ಲಬೇಕು.

ಹೀಗೆ ತಿರುಗಿದವರು ಅವರೊಬ್ಬರೇ ಅಲ್ಲ. ಜಪಾನಿನ ಶಿಂಗೊ ತಕಾತ್ಸು ತಮ್ಮ ದೇಶದಲ್ಲಿ ಒಟ್ಟು 286 ಸೇವ್ ಮಾಡಿದವರು. ನಡುವೆ ಅಮೆರಿಕಕ್ಕೆ ಹೋಗಿ ಜಪಾನಿಗೆ ಮರಳಿದರು, ಆಮೇಲೆ ಕೊರಿಯಾ, ಆಮೇಲೆ ತೈವಾನ್. ನಾಲ್ಕು ದೇಶದ ಲೀಗ್‌ಗಳಲ್ಲೂ ಸೇವ್ ಇದೆ. ಆಮೇಲೆ ತಮ್ಮ ಹಳೆಯ ತಂಡ ಯಾಕುಲ್ಟ್‌ಗೇ ಕೋಚ್ ಆಗಿ 2021ರ ಜಪಾನ್ ಸೀರೀಸ್ ಗೆದ್ದರು. ನನಗೆ ಕೇಳಿದರೆ ತಕಾತ್ಸು ಬದುಕು ಇನ್ನೂ ಸ್ವಾರಸ್ಯದ್ದು. ಅದು ಬೇರೆ ಲೇಖನ.

ದುಡ್ಡು ಕಂಡ ಕಡೆ ಹೋದರು ಅನ್ನುವ ಮಾತಿಗೆ ನನ್ನ ತಕರಾರಿದೆ. ಸ್ಯಾಮ್‌ಸಂಗ್‌ಗೆ 9 ವರ್ಷ ಆಡಿ, ಐದು ಸಲ ತಂಡ ಚಾಂಪಿಯನ್ ಆದಮೇಲೆ, ತಂಡವೇ ಒಪ್ಪಿ ಕಳಿಸಿತು. ಒಳ್ಳೆ ಸಂಬಳ ಸಿಕ್ಕಿತು, ನಿಜ. ಸಂಬಳ ಜಾಸ್ತಿ ಕೊಡುವ ಊರಿಗೆ ವರ್ಗ ಕೇಳಿದವರನ್ನು ನಾವು ಬೈಯುತ್ತೇವಾ? ಮತ್ತೆ ಎಲ್ಲ ಪಯಣವೂ ಅವರ ಇಷ್ಟದ್ದಲ್ಲ. 2017ರಲ್ಲಿ ಫಾರ್ಮ್ ಹೋಯಿತು. 2018ರ ಶುರುವಿನಲ್ಲಿ ಟೆಕ್ಸಸ್ ತಂಡದ ಜೊತೆ ಮಾತು ಮುಗಿದಿತ್ತು, ವೈದ್ಯಕೀಯ ಪರೀಕ್ಷೆಯಲ್ಲಿ ಮೊಣಕೈ ನೋಡಿ ಅವರು ಹಿಂದೆ ಸರಿದರು. ಕೆನಡಾದ ಟೊರಾಂಟೊ ಕರೆಯಿತು. ಜುಲೈನಲ್ಲಿ ಅವರೂ ಕೊಲರಾಡೊ ರಾಕೀಸ್‌ಗೆ ಕೊಟ್ಟುಬಿಟ್ಟರು. ಅಲ್ಲಿನ ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರ. ತೆಳು ಗಾಳಿಯಲ್ಲಿ ಹೊಡೆದ ಚೆಂಡು ದೂರ ಹೋಗುತ್ತೆ, ಎಸೆದ ಚೆಂಡು ಕಡಿಮೆ ತಿರುಗುತ್ತೆ. ಪಿಚರ್‌ಗಳು ಹೋಗಲು ಹೆದರುವ ಊರು ಅದು. ಆದರೂ ಆ ವರ್ಷ ಚೆನ್ನಾಗೇ ಎಸೆದರು.

ಹೊಗಳುವಾಗ ಒಂದು ವಿಷಯ ಮುಚ್ಚಿಡಬಾರದು. 2015ರ ಕೊನೆಯಲ್ಲಿ ಮಕಾವ್ ಕ್ಯಾಸಿನೊದಲ್ಲಿ ಜೂಜಾಡಿದ ಪ್ರಕರಣದಲ್ಲಿ ಸಿಕ್ಕಿಕೊಂಡರು. ಕೊರಿಯಾದ ಪ್ರಜೆ ವಿದೇಶದಲ್ಲಿ ಜೂಜಾಡಿದರೂ ಅಲ್ಲಿನ ಕಾನೂನಿನಲ್ಲಿ ಅಪರಾಧ. ದಂಡ ಬಿತ್ತು. ವಾಪಸ್ ಬಂದರೆ ಅರ್ಧ ಸೀಸನ್ ಆಡುವಂತಿಲ್ಲ ಅಂತ ಕೊರಿಯಾ ಲೀಗ್ ಹೇಳಿತು. 2019ರಲ್ಲಿ ಕೊಲರಾಡೊ ಬಿಟ್ಟು, ಮತ್ತೆ ಮೊಣಕೈ ಆಪರೇಷನ್ ಮಾಡಿಸಿಕೊಂಡು, ಸ್ಯಾಮ್‌ಸಂಗ್‌ಗೆ ಮರಳಿದಾಗ ಆ 72 ಪಂದ್ಯದ ಶಿಕ್ಷೆ ಪೂರ್ತಿ ಅನುಭವಿಸಿ 2020ರ ಜೂನ್‌ನಲ್ಲಿ ಕಣಕ್ಕಿಳಿದರು.

ಆಮೇಲಿನದು ನನಗೆ ತುಂಬಾ ಇಷ್ಟವಾದ ಭಾಗ. 2021ರಲ್ಲಿ, 39ನೇ ವಯಸ್ಸಿನಲ್ಲಿ, 44 ಸೇವ್ ಮಾಡಿ ಲೀಗಿಗೇ ಮೊದಲಿಗರಾದರು. ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ ಡೊಮಿನಿಕನ್ ಗಣರಾಜ್ಯದ ವಿರುದ್ಧ ಎಂಟನೇ ಇನಿಂಗ್ಸಿನಲ್ಲಿ 5 ರನ್ ಹೋಯಿತು, ಪದಕವೂ ಹೋಯಿತು. 2023ರಲ್ಲಿ ಲಯ ತಪ್ಪಿದಾಗ ತಂಡದವರು ಒಂದು ವಿಚಿತ್ರ ಔಷಧ ಮಾಡಿದರು. ಮೇ 3ರಂದು ಅವರನ್ನು ಮೊದಲ ಇನಿಂಗ್ಸಿನಿಂದಲೇ ಎಸೆಯಲು ಕಳಿಸಿದರು. ಆರುನೂರಕ್ಕೂ ಹೆಚ್ಚು ಪಂದ್ಯ ಕೊನೆಯಲ್ಲೇ ಬಂದವರಿಗೆ ಕೊರಿಯಾ ಲೀಗ್‌ನಲ್ಲಿ ಅದು ಮೊದಲ ಆರಂಭ! ಜಾಸ್ತಿ ಚೆಂಡು ಎಸೆದರೆ ಕೈ ಹಳೆಯ ದಾರಿಗೆ ಬರಬಹುದು ಅನ್ನುವ ಲೆಕ್ಕ. ಆ ಅಕ್ಟೋಬರ್‌ನಲ್ಲಿ ಕೊರಿಯಾದ 400ನೇ ಸೇವ್ ಬಂತು. 2025ರಲ್ಲಿ ಒಂದೂ ಸೇವ್ ಇಲ್ಲ. ಸೆಪ್ಟೆಂಬರ್ 30ರಂದು ದೇಗುನಲ್ಲಿ ವಿದಾಯದ ಪಂದ್ಯ. ಎದುರಿಗೆ ಬಂದವರು ಹಳೆಯ ಸಹ ಆಟಗಾರ ಚೊಯ್ ಹ್ಯುಂಗ್-ವೂ. ಅವರನ್ನು ಸ್ಟ್ರೈಕ್‌ಔಟ್ ಮಾಡಿ ಹೊರಗೆ ನಡೆದರು. ಅವರ 21ನೇ ನಂಬರಿನ ಅಂಗಿಯನ್ನು ಸ್ಯಾಮ್‌ಸಂಗ್ ಇನ್ನು ಯಾರಿಗೂ ಕೊಡುವುದಿಲ್ಲ.

ಮೊಮ್ಮಗನ ಪ್ರಶ್ನೆಗೆ: ಇದ್ದರು. ಉತ್ತರ ಪ್ರದೇಶದ ಭದೋಹಿ ಕಡೆಯ ರಿಂಕು ಸಿಂಗ್. ಕ್ರಿಕೆಟ್‌ನ ರಿಂಕು ಅಲ್ಲ, ಇವರು ಜಾವೆಲಿನ್ ಎಸೆಯುತ್ತಿದ್ದ ಹುಡುಗ. 2008ರಲ್ಲಿ ನಮ್ಮ ದೇಶದಲ್ಲೇ ನಡೆದ ಎಸೆತದ ಸ್ಪರ್ಧೆ ಗೆದ್ದು, ದಿನೇಶ್ ಪಟೇಲ್ ಜೊತೆ ಅಮೆರಿಕಕ್ಕೆ ಹೋಗಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಸಹಿ ಹಾಕಿದರು. ಅವರೂ ರಿಲೀಫ್ ಪಿಚರ್, ಎಡಗೈಯವರು. ಅಮೆರಿಕದ ಕೆಳ ಹಂತದ ಲೀಗ್‌ಗಳಲ್ಲಿ ಆಡಿದರು, ಆಸ್ಟ್ರೇಲಿಯಾದಲ್ಲೂ ಆಡಿದರು. ಮೇಜರ್ ಲೀಗ್ ಮುಟ್ಟಲಿಲ್ಲ. ಆಮೇಲೆ ಟಿವಿ ಕುಸ್ತಿಗೆ ಹೋದರು.

ಇನ್ನು ನಿದ್ದೆ. ಅಮೆರಿಕದ ಪಂದ್ಯಗಳು ನಮಗೆ ಹೆಚ್ಚಾಗಿ ಬೆಳಗಿನ ಜಾವ ಬೀಳುತ್ತವೆ, ಅವು ಬೇಡ. ಕೊರಿಯಾದಲ್ಲಿ ವಾರದ ದಿನಗಳ ಪಂದ್ಯ ಅಲ್ಲಿನ ಸಂಜೆ ಆರೂವರೆಗೆ ಶುರು, ನಮ್ಮಲ್ಲಿ ಮಧ್ಯಾಹ್ನ 3 ಗಂಟೆ. ಸೀಸನ್ ಮಾರ್ಚ್ ಕೊನೆಗೆ ಶುರುವಾಗುತ್ತೆ. ಮೊಮ್ಮಗ ಸ್ಕೂಲಿಂದ ಬಂದು, ತಿಂಡಿ ತಿಂದು ಕೂತರೂ ಒಂಬತ್ತನೇ ಇನಿಂಗ್ಸ್ ತಪ್ಪುವುದಿಲ್ಲ. ಸೋಮವಾರ ಮಾತ್ರ ಕಾಯಬೇಡಿ, ಅಲ್ಲಿ ಅವತ್ತು ಸಾಮಾನ್ಯವಾಗಿ ರಜೆ.

— ಸಂಪಾದಕ